ಬಾಂಬ್ ದಳ ಬರುವ ಮುಂಚಿನ ಅರ್ಧ ಗಂಟೆ: ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ಜಿಲ್ಲಾ ತುರ್ತು ಯೋಜನೆ ಬರೆಯುವವರಿಗೆ ಮತ್ತು ಅದನ್ನು ನಡೆಸಬೇಕಾದವರಿಗೆ: ಡಿಸಿ ಕಚೇರಿಯ ವಿಪತ್ತು ನಿರ್ವಹಣಾ ವಿಭಾಗ, ಠಾಣಾಧಿಕಾರಿಗಳು, ಅಗ್ನಿಶಾಮಕ ಠಾಣೆ, 108ರ ಸಿಬ್ಬಂದಿ, ಆಸ್ಪತ್ರೆಯ ಕ್ಯಾಶುವಾಲ್ಟಿ, ಬಸ್ ನಿಲ್ದಾಣ, ಮಾಲ್, ಶಾಲೆ, ಜಾತ್ರೆ ನಡೆಯುವ ದೇವಸ್ಥಾನಗಳ ಆಡಳಿತ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಯೋಜನೆ ಇರಲೇಬೇಕು. ನೆರೆ, ಬರ, ಭೂಕುಸಿತದ ಬಗ್ಗೆ ನಮ್ಮ ಜಿಲ್ಲೆಗಳಿಗೆ ಅನುಭವವಿದೆ, ಬರೆಯುತ್ತಾರೆ. ಬಾಂಬ್ ಅಂದ ಕೂಡಲೇ ‘ಸಂಬಂಧಪಟ್ಟ ಪರಿಣತ ತಂಡಕ್ಕೆ ತಿಳಿಸುವುದು’ ಎಂದು ಒಂದು ಸಾಲು ಹಾಕಿ ಮುಗಿಸುತ್ತಾರೆ. ಆ ಒಂದು ಸಾಲನ್ನು ತೆಗೆದುಹಾಕುವುದು ಮೊದಲ ಕೆಲಸ.

ಕಾರಣ ಸರಳ. ಎನ್‌ಎಸ್‌ಜಿ ಕಮಾಂಡೊಗಳ ನೆಲೆಗಳಲ್ಲಿ ನಮಗೆ ಹತ್ತಿರದವು ಚೆನ್ನೈ ಮತ್ತು ಹೈದರಾಬಾದ್. ರಾಜ್ಯದ ಗರುಡ ಪಡೆ ಇರುವುದು ಬೆಂಗಳೂರಿನಲ್ಲಿ. ಬಾಂಬ್ ಪತ್ತೆ ಮತ್ತು ನಿಷ್ಕ್ರಿಯ ದಳ ದೊಡ್ಡ ಊರಿನಿಂದ ತಾಲ್ಲೂಕಿಗೆ ಬರಬೇಕು, ದಾರಿಯಲ್ಲಿ ಟ್ರಾಫಿಕ್ ಇರುತ್ತದೆ. ರಕ್ತ ಸೋರುವವನಿಗೆ ಅಷ್ಟು ಹೊತ್ತಿಲ್ಲ. ಅಲ್ಲಿಯವರೆಗಿನ ಸಮಯ ಬೀಟ್ ಪೊಲೀಸರದ್ದು, ಬಸ್ ಕಂಡಕ್ಟರದ್ದು, ಸೆಕ್ಯುರಿಟಿ ಗಾರ್ಡ್‌ನದ್ದು, ಡ್ಯೂಟಿ ಡಾಕ್ಟರದ್ದು. ಯೋಜನೆಯನ್ನು ಇವರಿಗಾಗಿ, ಇವರು ಓದುವ ಭಾಷೆಯಲ್ಲಿ ಬರೆಯಿರಿ.

ಗಡಿಯಾಚೆಯ ನಂಬರು

ಯೋಜನೆಯ ಮೊದಲ ಪುಟದಲ್ಲಿ ಪಕ್ಕದ ಜಿಲ್ಲೆ, ಪಕ್ಕದ ರಾಜ್ಯದ ಕಂಟ್ರೋಲ್ ರೂಮ್ ನಂಬರುಗಳಿರಲಿ. ಬೀದರ್‌ಗೆ ಬೆಂಗಳೂರಿಗಿಂತ ಹೈದರಾಬಾದ್ ಎಷ್ಟೋ ಹತ್ತಿರ. ಬೆಳಗಾವಿಗೆ ಕೊಲ್ಹಾಪುರವೂ ಗೋವೆಯೂ ಕೈಗೆಟಕುವ ದೂರದಲ್ಲಿವೆ. ಕಾಸರಗೋಡಿನವರು ದೊಡ್ಡ ಚಿಕಿತ್ಸೆಗೆ ಮೊದಲಿಂದಲೂ ಬರುವುದು ಮಂಗಳೂರಿಗೆ. 2020ರ ಲಾಕ್‌ಡೌನ್‌ನಲ್ಲಿ ತಲಪಾಡಿಯ ಹೆದ್ದಾರಿ ಮುಚ್ಚಿದಾಗ ಅಲ್ಲಿನ ರೋಗಿಗಳು ಪಟ್ಟ ಪಾಡು ಹೈಕೋರ್ಟು, ಸುಪ್ರೀಂ ಕೋರ್ಟುಗಳ ಮೆಟ್ಟಿಲೇರಿತು. ಆಂಬುಲೆನ್ಸ್ ಗಡಿ ದಾಟಬಹುದೇ ಎನ್ನುವುದು ಸ್ಫೋಟವಾದ ದಿನ ಕೇಳುವ ಪ್ರಶ್ನೆಯಲ್ಲ. ಈಗಲೇ ಪತ್ರ ಬರೆದು, ಎರಡೂ ಕಡೆಯ ಅಧಿಕಾರಿಗಳ ಸಹಿ ಪಡೆದು, ಪ್ರತಿಯನ್ನು ಚೆಕ್‌ಪೋಸ್ಟಿನಲ್ಲಿ ಇಡಿಸಿ.

ಹುದ್ದೆಯ ಹೆಸರಿನಲ್ಲಿ ಹೊಣೆ ಹಂಚಿ, ವ್ಯಕ್ತಿಯ ಹೆಸರಿನಲ್ಲಿ ಬೇಡ. ವರ್ಗಾವಣೆಯಾದ ಅಧಿಕಾರಿಯ ಮೊಬೈಲ್ ನಂಬರು ಇರುವ ಯೋಜನೆ ಕೆಲಸಕ್ಕೆ ಬಾರದು. ಸ್ಥಳದಲ್ಲಿ ಹಿಡಿತ ಯಾರದ್ದು ಎಂಬುದನ್ನೂ ಖಚಿತವಾಗಿ ಬರೆಯಿರಿ: ಬಾಂಬ್ ಇನ್ನೂ ಸಿಡಿದಿಲ್ಲವೆಂದರೆ ಪೊಲೀಸರದ್ದು, ಸಿಡಿದ ಮೇಲೆ ಪೊಲೀಸ್, ಅಗ್ನಿಶಾಮಕ, ವೈದ್ಯಕೀಯ ಈ ಮೂರೂ ಕಡೆಯ ಹಿರಿಯರು ಒಂದೇ ಜಾಗದಲ್ಲಿ, ಪರಸ್ಪರ ಮುಖ ಕಾಣುವಂತೆ ನಿಲ್ಲಬೇಕು. ಮೂವರು ಮೂರು ಕಡೆ ಜೀಪಿನಲ್ಲಿ ಕೂತು ವಾಕಿಟಾಕಿ ಹಿಡಿಯಕೂಡದು.

ವಾರಸುದಾರರಿಲ್ಲದ ಬ್ಯಾಗ್ ಕಂಡರೆ

2020ರ ಜನವರಿ 20ರಂದು ಮಂಗಳೂರು ವಿಮಾನ ನಿಲ್ದಾಣದಲ್ಲಿ ಒಬ್ಬ ಬ್ಯಾಗ್ ಬಿಟ್ಟು ಹೋದ. ಸಿಐಎಸ್‌ಎಫ್ ಸಿಬ್ಬಂದಿ ಅದನ್ನು ಗಮನಿಸಿದರು, ಜನರನ್ನು ದೂರ ಸರಿಸಿದರು. ಸ್ಫೋಟಕ ಒಯ್ಯುವುದಕ್ಕೆಂದೇ ಇರುವ ವಾಹನದಲ್ಲಿ ಅದನ್ನು ಕೆಂಜಾರಿನ ಬಯಲಿಗೆ ಸಾಗಿಸಿ, ಬಾಂಬ್ ದಳದವರು ಸಂಜೆಯ ಹೊತ್ತಿಗೆ ಸ್ಫೋಟಿಸಿದರು. ಯಾರಿಗೂ ಗಾಯವಾಗಲಿಲ್ಲ. ಅಲ್ಲಿ ಅವಸರ ಯಾರೂ ಮಾಡಲಿಲ್ಲ, ತಡವನ್ನೂ ಮಾಡಲಿಲ್ಲ.

ಮಾಡಬೇಕಾದ್ದು: ಮೂರು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಬೇಕೆಂದೇ ಬಚ್ಚಿಟ್ಟಂತಿದೆಯೇ? ತಂತಿ, ಬ್ಯಾಟರಿ, ಟೇಪು ಏನಾದರೂ ಕಣ್ಣಿಗೆ ಬೀಳುತ್ತಿದೆಯೇ? ಈ ಜಾಗದಲ್ಲಿ ಇಂಥ ವಸ್ತು ದಿನವೂ ಇರುತ್ತದೆಯೇ? ಬಸ್ ನಿಲ್ದಾಣದಲ್ಲಿ ಮರೆತುಹೋದ ಚೀಲಗಳು ದಿನಕ್ಕೆ ಹತ್ತು ಸಿಗುತ್ತವೆ, ಎಲ್ಲಕ್ಕೂ ನಿಲ್ದಾಣ ಖಾಲಿ ಮಾಡಿಸಲಾಗದು. ಅಕ್ಕಪಕ್ಕದವರನ್ನು ‘ಇದು ನಿಮ್ಮದಾ?’ ಎಂದು ಕೇಳಿ. ಅನುಮಾನ ಉಳಿದರೆ ದೂರ ಸರಿಯಿರಿ, ಸರಿಸಿ, 112ಕ್ಕೆ ಫೋನ್ ಮಾಡಿ. ಬ್ರಿಟನ್ನಿನ ಪೊಲೀಸರು ಪಾಲಿಸುವ ಅಂತರ ನೆನಪಿಡಲು ಸುಲಭ: ಕೈಚೀಲದಷ್ಟಿದ್ದರೆ ಕನಿಷ್ಠ 100 ಮೀಟರ್, ಕಾರಾದರೆ 200, ಲಾರಿಯಾದರೆ 400. ನಮ್ಮ ಗಲ್ಲಿಗಳಲ್ಲಿ 100 ಮೀಟರ್ ಅಂದರೆ ಎರಡು ತಿರುವು. ಗಟ್ಟಿ ಗೋಡೆಯ ಮರೆಯಲ್ಲಿ ನಿಲ್ಲಿಸಿ, ನೇರ ಕಣ್ಣಿಗೆ ಕಾಣುವಲ್ಲಿ ನಿಲ್ಲಿಸಬೇಡಿ.

ಮಾಡಬಾರದ್ದು: ಮುಟ್ಟಬಾರದು, ಕೋಲಿನಿಂದ ತಿವಿಯಬಾರದು, ನೀರು ಸುರಿಯಬಾರದು, ಬಕೆಟ್ಟಿನಿಂದ ಮುಚ್ಚಬಾರದು. ವಸ್ತುವಿನಿಂದ 15 ಮೀಟರ್ ಒಳಗೆ ಮೊಬೈಲಾಗಲಿ ವಾಕಿಟಾಕಿಯಾಗಲಿ ಬಳಸಬಾರದು. ಮೊದಲು ದೂರ ನಡೆಯಿರಿ, ಆಮೇಲೆ ಮಾತಾಡಿ. ಫೋಟೊ ತೆಗೆಯಲೆಂದು ಹತ್ತಿರ ಹೋಗುವವರನ್ನು ಕೈಹಿಡಿದು ಹಿಂದಕ್ಕೆ ಎಳೆಯಿರಿ. ಗಾಜಿನ ಕಟ್ಟಡದ ಎದುರು ಜನರನ್ನು ಸೇರಿಸಬಾರದು, ಏಕೆಂದರೆ ಸ್ಫೋಟದ ಒತ್ತಡಕ್ಕೆ ಒಡೆದ ಗಾಜು ಬಾಂಬಿನ ಚೂರಿನಷ್ಟೇ ಕೊಯ್ಯುತ್ತದೆ. ಜನ ಸೇರುವ ಜಾಗವನ್ನು ಮೊದಲು ಒಬ್ಬರು ನೋಡಿ ಬಂದ ಮೇಲೆಯೇ ಅಲ್ಲಿಗೆ ಕಳಿಸಬೇಕು.

ಖಾಲಿ ಮಾಡಿಸುವಾಗ ‘ಬಾಂಬ್’ ಎಂದು ಕೂಗಬೇಡಿ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ನೂಕುನುಗ್ಗಲಿಗೆ 11 ಜನ ಪ್ರಾಣ ಬಿಟ್ಟರು. ಅಲ್ಲಿ ಬಾಂಬೂ ಇರಲಿಲ್ಲ, ಬೆದರಿಕೆಯೂ ಇರಲಿಲ್ಲ. ದೊಡ್ಡ ಜನಸಂದಣಿಯನ್ನು ಭಾಗ ಭಾಗವಾಗಿ, ಎಲ್ಲ ಗೇಟು ತೆರೆದು, ದಾರಿ ತೋರಿಸುವವರನ್ನು ನಿಲ್ಲಿಸಿಯೇ ಹೊರಗೆ ಕಳಿಸಬೇಕು. ಬೀಗದ ಕೈ ಯಾರ ಹತ್ತಿರ ಇರುತ್ತದೆ ಎನ್ನುವುದು ಯೋಜನೆಯಲ್ಲಿ ಇರಬೇಕಾದ ವಿಷಯ. ಒಂದು ಅಣಕು ಕಾರ್ಯಾಚರಣೆಯಲ್ಲಿ ದೊಡ್ಡ ಕಟ್ಟಡವೊಂದರ ಹಿಂದಿನ ಗೇಟಿನ ಮುಂದೆ ನೂರಾರು ಜನ ನಿಂತುಬಿಟ್ಟದ್ದನ್ನು ನೋಡಿದ್ದೇನೆ. ಬೀಗಕ್ಕೆ ತುಕ್ಕು ಹಿಡಿದಿತ್ತು, ಕೀ ಇಟ್ಟುಕೊಂಡಿದ್ದ ವಾಚ್‌ಮನ್ ಊಟಕ್ಕೆ ಮನೆಗೆ ಹೋಗಿದ್ದ, ಮುಂದಿದ್ದ ಹೆಂಗಸೊಬ್ಬರು ಬರಿಗೈಲಿ ಚಿಲಕ ಅಲ್ಲಾಡಿಸುತ್ತಿದ್ದರು.

ಬೆದರಿಕೆಯ ಕರೆ, ಇಮೇಲ್

2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಒಂದೇ ಬೆಳಗ್ಗೆ ಬಾಂಬ್ ಬೆದರಿಕೆಯ ಇಮೇಲ್ ಬಂತು. ಎಲ್ಲವೂ ಹುಸಿ. ಆದರೆ ಗಾಬರಿಗೊಂಡ ತಂದೆ ತಾಯಂದಿರು ಶಾಲೆಗಳತ್ತ ಧಾವಿಸಿದರು, ಗೇಟಿನ ಮುಂದೆ ಜನ ಜಮಾಯಿಸಿದರು. ಅಂಥ ಹೊತ್ತಲ್ಲಿ ಅದೇ ಗೇಟಿನಿಂದ ಮಕ್ಕಳನ್ನು ಹೊರಗೆ ತರಬೇಕು, ಬಾಂಬ್ ದಳದ ಗಾಡಿ ಒಳಗೆ ಹೋಗಬೇಕು.

ಹಾಗಾಗಿ ಶಾಲೆಗಳಿಗೆ ಖಡಾಖಂಡಿತ ಸೂಚನೆ: ಮಕ್ಕಳನ್ನು ಎಲ್ಲಿ ಕೂರಿಸುತ್ತೇವೆ, ಪೋಷಕರು ಯಾವ ಗೇಟಿಗೆ ಬರಬೇಕು, ಯಾರ ಸಹಿ ಪಡೆದು ಮಗುವನ್ನು ಒಪ್ಪಿಸುತ್ತೇವೆ, ಇಷ್ಟನ್ನೂ ವರ್ಷದ ಆರಂಭದಲ್ಲೇ ಪೋಷಕರಿಗೆ ತಿಳಿಸಿ. ಫೋನ್ ಬಂದರೆ ಕಟ್ ಮಾಡಬೇಡಿ. ಹೇಳಿದ ಮಾತನ್ನು ಹೇಳಿದ ಹಾಗೇ ಬರೆದುಕೊಳ್ಳಿ. ದನಿ, ಉಚ್ಚಾರಣೆ, ಹಿಂದೆ ಕೇಳಿದ ಸದ್ದು, ಗಡಿಯಾರದ ಸಮಯ, ಎಲ್ಲವನ್ನೂ. ಇಮೇಲ್ ಅಳಿಸಬೇಡಿ, ಅದರ ಸ್ಕ್ರೀನ್‌ಶಾಟನ್ನು ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಹಿಂದಿನ ಐದು ಬೆದರಿಕೆ ಸುಳ್ಳಾಗಿದ್ದವೆಂದು ಆರನೆಯದನ್ನು ತಳ್ಳಿಹಾಕುವ ಅಧಿಕಾರ ಶಾಲೆಗೂ ಇಲ್ಲ, ಠಾಣೆಗೂ ಇಲ್ಲ.

ಸಿಡಿದ ಮೇಲೆ

ಯೋಜನೆಯ ತಿರುಳು ಇದು. ಇಲ್ಲಿ ಎರಡು ಮಾತು ಒಂದಕ್ಕೊಂದು ಎದುರು ನಿಲ್ಲುತ್ತವೆ, ಎರಡೂ ನಿಜ.

ಮೊದಲ ಮಾತು: ಒಂದು ಸಿಡಿದರೆ ಇನ್ನೊಂದು ಇರಬಹುದು. 2008ರ ಜುಲೈ 25ರಂದು ಬೆಂಗಳೂರಿನಲ್ಲಿ ಮಧ್ಯಾಹ್ನ ಮಡಿವಾಳ, ಆಡುಗೋಡಿ, ನಾಯಂಡಹಳ್ಳಿ ಹೀಗೆ ಒಂದರ ಹಿಂದೊಂದರಂತೆ ಹಲವು ಕಡೆ ಬಾಂಬ್ ಸಿಡಿದವು. ಮಡಿವಾಳದ ಬಸ್ ನಿಲ್ದಾಣದಲ್ಲಿ ನಿಂತಿದ್ದ ಮಹಿಳೆ ಸತ್ತರು. ಮರುದಿನ ಕೋರಮಂಗಲದ ಮಾಲ್ ಒಂದರ ಸಮೀಪ ಸಿಡಿಯದ ಬಾಂಬ್ ಸಿಕ್ಕಿತು. ಅದೇ ದಿನ, ಜುಲೈ 26ರ ಸಂಜೆ, ಅಹಮದಾಬಾದಿನಲ್ಲಿ ಸರಣಿ ಸ್ಫೋಟ. 56 ಜನ ಸತ್ತರು. ಗಾಯಾಳುಗಳನ್ನೂ ಅವರ ಮನೆಯವರನ್ನೂ ರಕ್ತ ಕೊಡಲು ಬಂದವರನ್ನೂ ಹೊತ್ತ ಸಿವಿಲ್ ಆಸ್ಪತ್ರೆಯ ಟ್ರಾಮಾ ಕೇಂದ್ರದ ಬಳಿಯೇ ಆಮೇಲೆ ಬಾಂಬ್ ಸಿಡಿಯಿತು. ಕಾಪಾಡಲು ಓಡಿ ಬರುವವರನ್ನೇ ಗುರಿಯಾಗಿಸಿದ ಕೆಲಸ ಅದು. ಆದ್ದರಿಂದ ಮೊದಲ ಸದ್ದು ಕೇಳಿದ ಕಡೆಗೆ ಊರಿನ ಎಲ್ಲ ಗಾಡಿ, ಎಲ್ಲ ಸಿಬ್ಬಂದಿಯನ್ನೂ ಕಳಿಸಕೂಡದು. ಒಂದಷ್ಟನ್ನು ಹಿಂದೆ ಉಳಿಸಿ. ಆಸ್ಪತ್ರೆಯ ಗೇಟಿನಲ್ಲಿ ವಾಹನ ತಪಾಸಣೆಗೆ ಮೊದಲ ಹತ್ತು ನಿಮಿಷದೊಳಗೆ ಪೊಲೀಸರು ನಿಲ್ಲಬೇಕು. ಆಂಬುಲೆನ್ಸ್ ನಿಲ್ಲಿಸುವ ಜಾಗದಲ್ಲಿ ಬಿಟ್ಟು ಹೋದ ಬೈಕು, ಚೀಲ ಏನಿದೆಯೆಂದು ನೋಡಿಯೇ ಗಾಡಿ ನಿಲ್ಲಿಸಬೇಕು.

ಎರಡನೇ ಮಾತು: ಆ ಭಯದಲ್ಲಿ ಗಾಯಾಳುವನ್ನು ಬಿಡುವಂತಿಲ್ಲ. 2017ರ ಮೇ 22ರ ರಾತ್ರಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಸಂಗೀತ ಕಾರ್ಯಕ್ರಮ ಮುಗಿದು ಮಕ್ಕಳು ಹೊರಬರುತ್ತಿದ್ದಾಗ ಒಬ್ಬ ಬಾಂಬ್ ಸಿಡಿಸಿಕೊಂಡ. 22 ಜನ ಸತ್ತರು. ಅಗ್ನಿಶಾಮಕ ಠಾಣೆ ಹತ್ತಿರದಲ್ಲೇ ಇತ್ತು. ಸ್ಟ್ರೆಚರ್ ಇತ್ತು, ತರಬೇತಾದ ಜನರಿದ್ದರು. ಅವರು ಸ್ಥಳಕ್ಕೆ ಬಂದದ್ದು ಎರಡು ಗಂಟೆಗೂ ಹೆಚ್ಚು ತಡವಾಗಿ. ಸ್ಫೋಟವಾದ ಕೋಣೆಗೆ ಕಾಲಿಟ್ಟ ಆಂಬುಲೆನ್ಸ್ ಸಿಬ್ಬಂದಿ ಮೂವರೇ. ಬಂದೂಕುಧಾರಿ ಇನ್ನೂ ಇರಬಹುದೆಂಬ ಶಂಕೆ, ಒಬ್ಬರಿಗೊಬ್ಬರು ಹೇಳದೇ ಹೋದದ್ದು, ಮೂರು ಇಲಾಖೆಯ ಹಿರಿಯರು ಮೂರು ಕಡೆ ಇದ್ದದ್ದು, ಇವು ಕಾರಣ. ಗಾಯಾಳುಗಳನ್ನು ಜಾಹೀರಾತಿನ ಫಲಕ, ಬ್ಯಾರಿಕೇಡುಗಳ ಮೇಲೆ ಹೊತ್ತು ಇಳಿಸಿದರು. ಬೇಗ ಚಿಕಿತ್ಸೆ ಸಿಕ್ಕಿದ್ದರೆ ಒಬ್ಬರು ಬಹುಶಃ ಬದುಕುತ್ತಿದ್ದರು ಎಂದು ಸಾರ್ವಜನಿಕ ತನಿಖೆ ಹೇಳಿತು.

ಈ ಎರಡರಲ್ಲಿ ಯಾವುದನ್ನು ಆರಿಸಬೇಕು? ನನ್ನ ಅಭಿಪ್ರಾಯ ಸ್ಪಷ್ಟ. ‘ಸುರಕ್ಷಿತ ಎಂದು ಘೋಷಿಸುವವರೆಗೆ ಯಾರೂ ಒಳಗೆ ಹೋಗಬಾರದು’ ಎಂಬ ಸಾಲು ಯೋಜನೆಯಲ್ಲಿ ಇರಕೂಡದು. ಬದಲಿಗೆ ಹೀಗೆ ಬರೆಯಿರಿ: ಮೊದಲು ಬಂದ ಪೊಲೀಸ್ ಅಧಿಕಾರಿ ಕಣ್ಣಿಗೆ ಕಂಡ ಮಟ್ಟಿಗೆ ಸುತ್ತ ಒಮ್ಮೆ ನೋಡಿ, ಬಿಟ್ಟ ಚೀಲಗಳ ಬಳಿಯಿಂದ ಜನರನ್ನು ಸರಿಸಿ, ನಿಮಿಷಗಳಲ್ಲಿ ನಿರ್ಧಾರ ತೆಗೆದುಕೊಳ್ಳಬೇಕು. ಒಳಗೆ ಹೋಗುವವರು ಕಡಿಮೆ ಇರಲಿ, ಹೋದವರು ಬೇಗ ಹೊರಬರಲಿ. ಒಳಗೆ ಮಾಡುವುದು ಒಂದೇ ಕೆಲಸ: ಚಿಮ್ಮುವ ರಕ್ತ ಕಟ್ಟಿ, ಎತ್ತಿ, ಗೋಡೆಯ ಮರೆಗೆ ತರುವುದು. ಉಳಿದ ಚಿಕಿತ್ಸೆ ಅಲ್ಲಿ. ಹೀಗೆ ಹೋದ ಅಧಿಕಾರಿಯನ್ನು ಆಮೇಲೆ ‘ನಿಯಮ ಮೀರಿದೆ’ ಎಂದು ನೋಟಿಸ್ ಕೊಟ್ಟು ಕಾಡುವುದಿಲ್ಲ ಎನ್ನುವುದನ್ನೂ ಲಿಖಿತವಾಗಿ ಕೊಡಿ. ಆದರೆ ಸ್ವಯಂಸೇವಕರ ಗುಂಪನ್ನು ಒಳಗೆ ಬಿಡಬೇಡಿ. 1995ರ ಏಪ್ರಿಲ್ 19ರಂದು ಅಮೆರಿಕದ ಒಕ್ಲಹಾಮಾ ನಗರದಲ್ಲಿ ಲಾರಿ ಬಾಂಬ್ 168 ಜನರನ್ನು ಕೊಂದಿತು. ಅವರಲ್ಲಿ ಒಬ್ಬರು ಕಾಪಾಡಲು ತಾವಾಗಿ ಹೋದ ನರ್ಸ್, ಕಟ್ಟಡದ ಚೂರು ತಲೆಗೆ ಬಡಿದು ಸತ್ತರು.

ರಕ್ತ ನಿಲ್ಲಿಸುವುದನ್ನು ಎಲ್ಲರಿಗೂ ಕಲಿಸಿ. ಗಾಯದ ಮೇಲೆ ಶುದ್ಧ ಬಟ್ಟೆ ಇಟ್ಟು ಅಂಗೈ ಊರಿ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಮತ್ತೆ ಮತ್ತೆ ತೆಗೆದು ನೋಡಬೇಡಿ. ಕೈ ಕಾಲಿನಿಂದ ರಕ್ತ ಚಿಮ್ಮುತ್ತಿದ್ದು ಒತ್ತಿದರೂ ನಿಲ್ಲದಿದ್ದರೆ ಗಾಯದ ಮೇಲ್ಭಾಗದಲ್ಲಿ ಅಗಲವಾದ ಪಟ್ಟಿ ಬಿಗಿದು ಕಟ್ಟಿ, ಕಟ್ಟಿದ ಸಮಯವನ್ನು ಅವರ ಹಣೆಯ ಮೇಲೆ ಪೆನ್ನಿನಿಂದ ಬರೆಯಿರಿ. ಹಗ್ಗ, ತಂತಿ ಬೇಡ. ಮೈಗೆ ನಾಟಿದ ಮೊಳೆ, ಗಾಜು ಕೀಳಬೇಡಿ. ಸುಟ್ಟ ಗಾಯಕ್ಕೆ ತಣ್ಣೀರು ಹರಿಸಿ. ಟೂತ್‌ಪೇಸ್ಟ್, ಶಾಯಿ, ತುಪ್ಪ ಹಚ್ಚಬೇಡಿ. ಕುಡಿಯಲು ಏನನ್ನೂ ಕೊಡಬೇಡಿ.

ಇನ್ನೊಂದು ಸಂಗತಿ ಅಣಕು ಕಾರ್ಯಾಚರಣೆಗಳಲ್ಲಿ ಮರೆತೇ ಹೋಗುತ್ತದೆ. ಸ್ಫೋಟದ ಹತ್ತಿರ ಇದ್ದವರ ಕಿವಿಯ ತಮಟೆ ಒಡೆದಿರುತ್ತದೆ ಅಥವಾ ಕಿವಿ ಗುಂಯ್‌ಗುಟ್ಟುತ್ತಿರುತ್ತದೆ. ನೀವು ಮೆಗಾಫೋನಿನಲ್ಲಿ ‘ಈ ಕಡೆ ಬನ್ನಿ’ ಅನ್ನುತ್ತೀರಿ, ಅವರು ನಿಮ್ಮ ಬಾಯನ್ನೇ ನೋಡುತ್ತ ನಿಂತಿರುತ್ತಾರೆ. ಅವರು ಮೊಂಡರಲ್ಲ, ಅವರಿಗೆ ಕೇಳಿಸುತ್ತಿಲ್ಲ. ಕೈಸನ್ನೆ ಮಾಡಿ. ದೊಡ್ಡ ಬಾಣದ ಗುರುತಿನ ಬೋರ್ಡು ಪೊಲೀಸರ ಪ್ರತಿ ಹೊಯ್ಸಳ ಗಸ್ತು ಗಾಡಿಯಲ್ಲೂ ಇರಲಿ. ಭುಜ ಮುಟ್ಟಿ, ಮುಖ ತೋರಿಸಿ ಕರೆದುಕೊಂಡು ಹೋಗಿ.

ಆಸ್ಪತ್ರೆ

108 ಬರುವ ಮುಂಚೆಯೇ ಆಟೊಗಳು ಗಾಯಾಳುಗಳನ್ನು ಹೊತ್ತು ಹೊರಟಿರುತ್ತವೆ, ಎಲ್ಲವೂ ಹತ್ತಿರದ ಒಂದೇ ಆಸ್ಪತ್ರೆಗೆ. 2004ರ ಮಾರ್ಚ್ 11ರಂದು ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ರೈಲುಗಳಲ್ಲಿ ಬಾಂಬ್ ಸಿಡಿದಾಗ ಆಸ್ಪತ್ರೆಯೊಂದಕ್ಕೇ ಮುನ್ನೂರಕ್ಕೂ ಹೆಚ್ಚು ಗಾಯಾಳುಗಳು ಬಂದರು. 2013ರ ಏಪ್ರಿಲ್ 15ರ ಬಾಸ್ಟನ್ ಮ್ಯಾರಥಾನ್ ಸ್ಫೋಟದಲ್ಲಿ 260ಕ್ಕೂ ಹೆಚ್ಚು ಜನ ಗಾಯಗೊಂಡರು, ಅವರನ್ನು ಊರಿನ ಹಲವು ಆಸ್ಪತ್ರೆಗಳಿಗೆ ಹಂಚಿದರು. ಜೀವಂತ ಆಸ್ಪತ್ರೆ ಸೇರಿದವರಲ್ಲಿ ಒಬ್ಬರೂ ಸಾಯಲಿಲ್ಲ. ನಮ್ಮಲ್ಲಿ ಹಂಚಬೇಕಾದವರು ಯಾರು? ಸ್ಥಳದಿಂದ ಹೊರಬೀಳುವ ಮೊದಲ ಸಿಗ್ನಲ್ಲಿನಲ್ಲಿ ನಿಂತ ಟ್ರಾಫಿಕ್ ಪೊಲೀಸ್. ನಡೆಯಬಲ್ಲವರ ಆಟೊ ದೂರದ ಆಸ್ಪತ್ರೆಗೆ, ನಡೆಯಲಾರದವರದ್ದು ಹತ್ತಿರದ ದೊಡ್ಡ ಆಸ್ಪತ್ರೆಗೆ, ಸುಟ್ಟವರದ್ದು ಸುಟ್ಟಗಾಯದ ವಾರ್ಡ್ ಇರುವಲ್ಲಿಗೆ: ಇಷ್ಟನ್ನು ಅವರ ಜೇಬಿನ ಕಾರ್ಡಿನಲ್ಲಿ ಬರೆದುಕೊಡಿ.

ಖಾಸಗಿ ಆಸ್ಪತ್ರೆಗಳು ‘ಪೊಲೀಸ್ ಕೇಸು, ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ’ ಅನ್ನುವಂತಿಲ್ಲ. ಜೀವ ಉಳಿಸುವುದು ಸರ್ಕಾರಿ, ಖಾಸಗಿ ಎನ್ನದೆ ಪ್ರತಿ ವೈದ್ಯರ ಕರ್ತವ್ಯ, ಎಂಎಲ್‌ಸಿ (ಪೊಲೀಸ್ ಪ್ರಕರಣದ ವೈದ್ಯಕೀಯ ದಾಖಲೆ) ಕಾಗದ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಮುಂಗಡ ಹಣ ಕೇಳುವ ಕೌಂಟರನ್ನು ಆ ದಿನದ ಮಟ್ಟಿಗೆ ಮುಚ್ಚಿಸಿ.

ಗಾಯ ಕಾಣದವರನ್ನು ತಕ್ಷಣ ಮನೆಗೆ ಕಳಿಸಬೇಡಿ. ಸ್ಫೋಟದ ಒತ್ತಡ ಶ್ವಾಸಕೋಶವನ್ನು ಒಳಗೇ ಹಾಳು ಮಾಡಿರಬಹುದು. ಕೆಲವು ಗಂಟೆ ಕೂರಿಸಿ ನೋಡಿ. ಮೈಯಿಂದ ತೆಗೆದ ಮೊಳೆ, ಬೇರಿಂಗ್ ಗುಂಡು, ತಂತಿಯ ತುಣುಕು ಕಸದ ಬುಟ್ಟಿಗೆ ಹೋಗಕೂಡದು. ಡಬ್ಬಿಗೆ ಹಾಕಿ, ರೋಗಿಯ ಸಂಖ್ಯೆ, ಸಮಯ, ತೆಗೆದವರ ಸಹಿ ಬರೆದು ಪೊಲೀಸರಿಗೆ ಕೊಡಿ. ಒದ್ದೆ ಬಟ್ಟೆ ಕಾಗದದ ಚೀಲಕ್ಕೆ, ಪ್ಲಾಸ್ಟಿಕ್ಕಿಗಲ್ಲ. ರಕ್ತ ಕೊಡಲು ಬಂದವರನ್ನು ಕ್ಯಾಶುವಾಲ್ಟಿ ಬಾಗಿಲಲ್ಲಿ ನಿಲ್ಲಿಸದೆ ಹೆಸರು, ಗುಂಪು, ಫೋನ್ ನಂಬರ್ ಬರೆದುಕೊಂಡು ಕಳಿಸಿ, ಬೇಕಾದಾಗ ಕರೆಯಿರಿ.

ಸಾಕ್ಷ್ಯ ಮತ್ತು ಸುದ್ದಿ

2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಆಟೊದೊಳಗೆ ಕುಕ್ಕರ್ ಬಾಂಬ್ ಸಿಡಿದಾಗ ಮೊದಲು ಕಂಡದ್ದು ಗಾಡಿಗೆ ಹತ್ತಿದ ಬೆಂಕಿ. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಊಟದ ಹೊತ್ತಿಗೆ ಸ್ಫೋಟವಾದಾಗ ಮೊದಲು ಕೇಳಿಬಂದದ್ದು ಸಿಲಿಂಡರ್ ಎಂಬ ಮಾತು. ಕಾರಣ ಗೊತ್ತಾಗುವವರೆಗೆ ಸಿಲಿಂಡರ್ ಸ್ಫೋಟವೆಂದು ಹೇಳಿಕೆ ಕೊಡಬೇಡಿ, ಬಾಂಬ್ ಎಂದೂ ಕೊಡಬೇಡಿ. ರಸ್ತೆ ತೊಳೆಯಬೇಡಿ, ಗುಡಿಸಬೇಡಿ. ವಿಧಿವಿಜ್ಞಾನ ಪ್ರಯೋಗಾಲಯದವರು (ಎಫ್‌ಎಸ್‌ಎಲ್) ಬರುವವರೆಗೆ ಅತಿ ದೂರ ಬಿದ್ದ ಚೂರಿಗಿಂತಲೂ ಆಚೆಗೆ ಹಗ್ಗ ಕಟ್ಟಿ. ಅಕ್ಕಪಕ್ಕದ ಅಂಗಡಿಗಳ ಸಿಸಿಟಿವಿ ದೃಶ್ಯ ತಾನಾಗಿ ಅಳಿಸಿಹೋಗುವ ಮುಂಚೆ ಪಡೆಯಿರಿ.

ಆರೋಪಿಯ ಜಾತಿ, ಧರ್ಮ, ಊರನ್ನು ಊಹಿಸಿ ಮಾತಾಡುವುದು ಸಂಪೂರ್ಣ ನಿಷಿದ್ಧ. ಒಕ್ಲಹಾಮಾ ಸ್ಫೋಟದ ಮೊದಲ ಗಂಟೆಗಳಲ್ಲಿ ಟಿವಿಯವರು ಪಶ್ಚಿಮ ಏಷ್ಯಾದತ್ತ ಬೆರಳು ತೋರಿಸಿದರು. ಸಿಕ್ಕಿಬಿದ್ದ ತಿಮೋತಿ ಮೆಕ್‌ವೇ ಅಮೆರಿಕದ್ದೇ ಸೇನೆಯಲ್ಲಿ ಇದ್ದು ಬಂದವನು. ನಮ್ಮ ಊರುಗಳಲ್ಲಿ ಇಂಥ ಒಂದು ಊಹೆ ಸಂಜೆಯೊಳಗೆ ಅಂಗಡಿಗೆ ಕಲ್ಲಾಗಿ ಬೀಳುತ್ತದೆ. ಮಾತಾಡುವವರು ಒಬ್ಬರೇ ಇರಲಿ, ಗಂಟೆಗೊಮ್ಮೆ ಮಾತಾಡಲಿ, ಹೊಸದೇನೂ ಇಲ್ಲದಿದ್ದರೆ ಇಲ್ಲವೆಂದೇ ಹೇಳಲಿ. ಕಾರ್ಯಾಚರಣೆ ನಡೆಯುವಾಗ ಟಿವಿ ನೇರ ಪ್ರಸಾರಕ್ಕೆ 2015ರಿಂದ ನಿಯಮವೇ ಅಡ್ಡಿಯಾಗಿದೆ, ಕ್ಯಾಮೆರಾಗಳನ್ನು ಹಗ್ಗದಾಚೆ ಇಡಿ. ಸತ್ತವರ, ಗಾಯಾಳುಗಳ ಪಟ್ಟಿಯನ್ನು ಒಂದೇ ಕಡೆ ಒಬ್ಬರೇ ಬರೆಯಬೇಕು. ಮನೆಯವರಿಗೆ ಸುದ್ದಿ ಎದುರು ಕೂತು ಹೇಳಬೇಕು; ಶವದ ಫೋಟೊವನ್ನು ಮೊಬೈಲಿನಲ್ಲಿ ಸಾಲಾಗಿ ಎಲ್ಲರಿಗೂ ತೋರಿಸುತ್ತ ಹೋಗುವುದು ಕೂಡದು.

ಅಣಕು ಕಾರ್ಯಾಚರಣೆ

2025ರ ಮೇ 7ರಂದು ದೇಶದಾದ್ಯಂತ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆ ನಡೆಯಿತು, ಸೈರನ್ ಕೂಗಿದವು. ಒಳ್ಳೆಯದೇ. ಆದರೆ ದಿನ, ಸಮಯ ಮೊದಲೇ ಗೊತ್ತಿರುವ ಕಾರ್ಯಾಚರಣೆಯೊಂದೇ ಸಾಲದು. ವರ್ಷಕ್ಕೆ ಒಮ್ಮೆಯಾದರೂ ಹೇಳದೆ ಮಾಡಿ. ಭಾನುವಾರ ರಾತ್ರಿ ಮಾಡಿ, ಡ್ಯೂಟಿಯಲ್ಲಿ ಕಡಿಮೆ ಜನ ಇರುವಾಗ ಮಾಡಿ. ಪಕ್ಕದ ಜಿಲ್ಲೆಯವರನ್ನು ಕರೆಯಿರಿ. ಮೊಬೈಲ್ ನೆಟ್‌ವರ್ಕ್ ಇಲ್ಲವೆಂದುಕೊಂಡು ವೈರ್‌ಲೆಸ್ ಒಂದರಲ್ಲೇ ನಡೆಸಿ ನೋಡಿ. ಯಾರು ಎಷ್ಟು ನಿಮಿಷಕ್ಕೆ ಬಂದರು, ಯಾವ ಗೇಟು ತೆರೆಯಲಿಲ್ಲ, ಯಾವ ನಂಬರು ‘ಚಾಲ್ತಿಯಲ್ಲಿಲ್ಲ’ ಎಂದಿತು, ಎಲ್ಲವನ್ನೂ ಬರೆದು ಹದಿನೈದು ದಿನದೊಳಗೆ ಸರಿಪಡಿಸಿ. ಕಂಟ್ರೋಲ್ ರೂಮಿನ ಗಾಜಿನಡಿ ಇಟ್ಟ ನಂಬರುಗಳ ಹಾಳೆಯಲ್ಲಿರುವ ಪ್ರತಿ ನಂಬರಿಗೂ ತಿಂಗಳ ಮೊದಲ ಸೋಮವಾರ ಒಮ್ಮೆ ಫೋನ್ ಮಾಡಿ, ಎತ್ತಿದವರ ಹೆಸರನ್ನು ಎದುರಿಗೆ ಬರೆದು, ಹಾಳೆಯ ಕೆಳಗೆ ದಿನಾಂಕ ಹಾಕಿ ಸಹಿ ಮಾಡಿ.